‘ರೋಝಾ ಇಲ್ಲವೇ?’ ಎಂದು ಕೇಳುವ ಮೊದಲು

ಕೆಲವು ವರ್ಷಗಳ ಹಿಂದಿನ ಮಾತು. ರಮಝಾನ್ ತಿಂಗಳ ಒಂದು ಮಧ್ಯಾಹ್ನ. ಹುಬ್ಬಳ್ಳಿಯ ಶಾಹ ಬಜಾರಿನಲ್ಲಿ ಹಬ್ಬದ ಖರೀದಿಯ ಜನಜಂಗುಳಿ. ಝುಹರ್ ನಮಾಝ್ ಮುಗಿಸಿ ಬರುತ್ತಿದ್ದವರ ದೃಷ್ಟಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತಿದ್ದ ತರುಣನೊಬ್ಬನ ಮೇಲೆ ಬಿತ್ತು. ತಲೆಯ ಮೇಲೆ ಟೋಪಿ ಇತ್ತು. ಕೈಯಲ್ಲಿ ಹಣ್ಣಿನ ರಸದ ಪೊಟ್ಟಣವಿತ್ತು. ಆತ ಅವಸರ ಅವಸರವಾಗಿ ಕುಡಿಯುತ್ತಿದ್ದ. ಹಿರಿಯರೊಬ್ಬರು ನಿಂತು, ‘ರೋಝಾ ಇಲ್ಲವೇ? ಟೋಪಿ ಹಾಕಿಕೊಂಡು ಬೀದಿಯಲ್ಲಿ ಕುಡಿಯಲು ನಾಚಿಕೆಯಾಗುವುದಿಲ್ಲವೇ?’ ಎಂದು ಗದರಿಸಿದರು. ಆತ ಉತ್ತರಿಸಲಿಲ್ಲ. ಹಣೆಯಲ್ಲಿ ಬೆವರಿತ್ತು, ಬೆರಳುಗಳು ನಡುಗುತ್ತಿದ್ದವು. ತಪ್ಪು ಮಾಡಿ ಸಿಕ್ಕಿಬಿದ್ದವನ ನಡುಕವೆಂದೇ ನೋಡಿದವರು ಭಾವಿಸಿದರು. ಆ ಹಿರಿಯರ ಪಕ್ಕದಲ್ಲಿ ನಾನೂ ಇದ್ದೆ. ನಾನು ಏನನ್ನೂ ಹೇಳಲಿಲ್ಲ ನಿಜ. ಆದರೆ ಮನಸ್ಸಿನಲ್ಲಿ ಹಿರಿಯರ ಪರವಾಗಿಯೇ ನಿಂತಿದ್ದೆ.

ಆ ತರುಣ ನನ್ನ ಪರಿಚಿತರೊಬ್ಬರ ತಮ್ಮನೆಂದೂ, ಒಂಬತ್ತನೆಯ ವಯಸ್ಸಿನಿಂದ ಆತನಿಗೆ ಟೈಪ್ ಒನ್ ಮಧುಮೇಹವಿದೆಯೆಂದೂ ತಿಳಿದದ್ದು ಆ ಬಳಿಕ. ಉಪವಾಸ ಆಚರಿಸಬಾರದೆಂದು ವೈದ್ಯರು ಹೇಳಿದ್ದರು. ಆದರೂ ಆತ ಅಂದು ಉಪವಾಸ ಹಿಡಿದಿದ್ದ. ಯಾಕೆ ಗೊತ್ತೇ? ‘ರೋಝಾ ಇಲ್ಲವೇ?’ ಎಂಬ ಪ್ರಶ್ನೆಯ ಭಯದಿಂದ! ಮಧ್ಯಾಹ್ನದ ಹೊತ್ತಿಗೆ ರಕ್ತದಲ್ಲಿ ಸಕ್ಕರೆಯ ಪ್ರಮಾಣ ಕುಸಿಯಿತು. ಇನ್ನು ಹತ್ತು ನಿಮಿಷ ತಡೆದಿದ್ದರೆ ಆತ ಆ ಮೆಟ್ಟಿಲ ಮೇಲೆಯೇ ಪ್ರಜ್ಞೆ ತಪ್ಪಿ ಬೀಳುವ ಸಾಧ್ಯತೆಯಿತ್ತು. ಪ್ರಾಣ ಉಳಿಸಿಕೊಳ್ಳಲು ಉಪವಾಸ ಮುರಿದವನನ್ನು ನಾವು ಲಜ್ಜೆಗೆಟ್ಟವನೆಂದು ಕರೆದೆವು. ನಡುಬೀದಿಯಲ್ಲಿ ನಾಲ್ಕು ಜನರ ಮುಂದೆ, ಧರ್ಮದ ಹೆಸರಿನಲ್ಲಿ.

ಈ ತಪ್ಪಿನಲ್ಲಿ ನಾನೂ ಪಾಲುದಾರ. ಆದ್ದರಿಂದಲೇ ಈ ಬರಹ.

ನಮ್ಮ ಪಟ್ಟಣಗಳಲ್ಲಿ ‘ಸಕ್ಕರೆ ಕಾಯಿಲೆ’ ಎಂಬುದು ಅಪರಿಚಿತ ಪದವಲ್ಲ. ಬಹುತೇಕ ಮನೆಗಳಲ್ಲಿ ಒಬ್ಬ ಚಾಚಾ, ಒಬ್ಬ ನಾನಿ ಮಾತ್ರೆ ನುಂಗುತ್ತಿರುತ್ತಾರೆ. ಆದ್ದರಿಂದ ಮಧುಮೇಹವೆಂದರೆ ವಯಸ್ಸಾದವರದು, ತೂಕ ಹೆಚ್ಚಿದವರದು, ಸಿಹಿ ಹೆಚ್ಚು ತಿಂದವರದು ಎಂಬ ಭಾವನೆ ಬೇರೂರಿದೆ. ಮಗುವಿಗೆ ಮಧುಮೇಹವೆಂದ ಕೂಡಲೇ, ‘ಪೇಡಾ, ಚಾಕಲೇಟು ತಿನ್ನಿಸಿ ನೀವೇ ಹಾಳುಮಾಡಿದಿರಿ’ ಎಂದು ತಾಯಿಯನ್ನು ದೂಷಿಸುವವರಿದ್ದಾರೆ. ಆದರೆ ಟೈಪ್ ಒನ್ ಬೇರೆಯದೇ ರೋಗ. ನಮ್ಮ ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಪಡಿಸುತ್ತದೆ. ಇದರಲ್ಲಿ ತಾಯಿಯ ತಪ್ಪಿಲ್ಲ, ಮಗುವಿನ ತಪ್ಪಿಲ್ಲ, ಧಾರವಾಡದ ಪೇಡೆಯ ತಪ್ಪೂ ಇಲ್ಲ. ಇನ್ಸುಲಿನ್ ಇಲ್ಲದಿದ್ದರೆ ಉಂಡ ಅನ್ನ ರಕ್ತದಲ್ಲಿ ಸಕ್ಕರೆಯಾಗಿ ನಿಲ್ಲುತ್ತದೆಯೇ ಹೊರತು ಕೋಶಗಳನ್ನು ತಲುಪುವುದಿಲ್ಲ. ಹೊಟ್ಟೆ ತುಂಬಿದ್ದರೂ ದೇಹ ಹಸಿದಿರುತ್ತದೆ. ಆಗ ಅದು ಕೊಬ್ಬನ್ನು ಸುಡತೊಡಗುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸುವುದು, ದಿನದಿನಕ್ಕೂ ಇಳಿಯುವ ತೂಕ - ಇವು ಮೊದಲ ಸೂಚನೆಗಳು. ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಿನಲ್ಲಿ ಹಣ್ಣಿನಂತಹ ವಾಸನೆ ಕಾಣಿಸಿಕೊಂಡರೆ ಆಸ್ಪತ್ರೆಗೆ ಓಡಬೇಕು. ಅಜೀರ್ಣವೆಂದೋ ದೃಷ್ಟಿ ತಗಲಿದೆಯೆಂದೋ ಮನೆಯಲ್ಲಿ ಕುಳಿತರೆ ಮಗು ಉಳಿಯುವುದಿಲ್ಲ.

1922ರ ಜನವರಿಗಿಂತ ಮೊದಲು ಈ ರೋಗ ತಗಲಿದ ಮಕ್ಕಳಿಗೆ ಭವಿಷ್ಯವೇ ಇರಲಿಲ್ಲ. ಆ ತಿಂಗಳು ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು, ಮತ್ತು ಆತ ಬದುಕಿದ. ಅದರ ಹಿಂದಿದ್ದ ಫ್ರೆಡೆರಿಕ್ ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14 ಇಂದು ವಿಶ್ವ ಮಧುಮೇಹ ದಿನ. ಕಾಕತಾಳೀಯವಾಗಿ, ನಮ್ಮಲ್ಲಿ ಅದು ಮಕ್ಕಳ ದಿನವೂ ಹೌದು. ಆವಿಷ್ಕಾರದ ಹಕ್ಕನ್ನು 1923ರಲ್ಲಿ ಟೊರೊಂಟೊ ವಿಶ್ವವಿದ್ಯಾನಿಲಯಕ್ಕೆ ಒಂದೊಂದು ಡಾಲರಿಗೆ ಬಿಟ್ಟುಕೊಡಲಾಯಿತು. ಮಕ್ಕಳ ಪ್ರಾಣದ ಮೇಲೆ ಲಾಭ ಮಾಡಬಾರದೆಂಬ ಆ ಭಾವನೆಗೆ ನೂರು ವರ್ಷ ಸಂದರೂ, ನಮ್ಮ ಬಡಾವಣೆಗಳಲ್ಲಿ ಇನ್ಸುಲಿನ್ ಬಾಟಲಿಗಾಗಿ ತಿಂಗಳ ಕೊನೆಯಲ್ಲಿ ಸಾಲ ಕೇಳುವ ತಂದೆಯಂದಿರಿದ್ದಾರೆ.

ಅಂದಹಾಗೆ, ಈ ಬದುಕಿನ ಒಂದು ದಿನ ಹೇಗಿರುತ್ತದೆ? ಬೆಳಗ್ಗೆ ಎದ್ದು ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡಬೇಕು. ತಿನ್ನಲಿರುವ ರೊಟ್ಟಿ ಎಷ್ಟು, ಅನ್ನ ಎಷ್ಟು ಎಂದು ಲೆಕ್ಕ ಹಾಕಬೇಕು. ಅದಕ್ಕೆ ತಕ್ಕಷ್ಟು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಮಧ್ಯಾಹ್ನ ಮತ್ತೆ, ರಾತ್ರಿ ಮತ್ತೆ, ಮಲಗುವ ಮುನ್ನ ಇನ್ನೊಮ್ಮೆ. ದಿನಕ್ಕೆ ನಾಲ್ಕರಂತೆ ವರ್ಷಕ್ಕೆ 1,460 ಚುಚ್ಚುಮದ್ದು. ಒಂಬತ್ತನೆಯ ವಯಸ್ಸಿನಲ್ಲಿ ಆರಂಭಿಸಿದ ಹುಡುಗ ಹತ್ತೊಂಬತ್ತು ತಲುಪುವಾಗ ಹದಿನಾಲ್ಕು ಸಾವಿರಕ್ಕೂ ಅಧಿಕ ಬಾರಿ ತನ್ನ ದೇಹಕ್ಕೆ ಸೂಜಿ ಇಳಿಸಿಕೊಂಡಿರುತ್ತಾನೆ. ಇನ್ಸುಲಿನ್ ಸ್ವಲ್ಪ ಹೆಚ್ಚಾದರೆ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದು ನಡುಕ, ಬೆವರು, ಗಲಿಬಿಲಿ. ಕೂಡಲೇ ಮೂರು ಚಮಚ ಸಕ್ಕರೆಯೋ ಹಣ್ಣಿನ ರಸವೋ ಬೇಕು. ಹದಿನೈದು ನಿಮಿಷ ಕಾದು ಮತ್ತೆ ಪರೀಕ್ಷಿಸಬೇಕು. ಇನ್ಸುಲಿನ್ ಸ್ವಲ್ಪ ಕಡಿಮೆಯಾದರೆ ಸಕ್ಕರೆ ಏರುತ್ತದೆ, ಮತ್ತು ಆ ಏರಿಕೆ ವರ್ಷಗಳ ಬಳಿಕ ಕಣ್ಣು, ಮೂತ್ರಪಿಂಡ, ನರಗಳಿಂದ ಬಾಕಿ ವಸೂಲು ಮಾಡುತ್ತದೆ. ರಾತ್ರಿ ಮಗು ಮಲಗಿದರೂ ತಾಯಿ ಮಲಗುವುದಿಲ್ಲ. ಎರಡು ಗಂಟೆಗೆ ಎದ್ದು ಹಣೆ ಮುಟ್ಟಿ ನೋಡುತ್ತಾಳೆ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಿಕೆಯೊಳಗೆ ಇನ್ನೊಂದು ಮಡಿಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ ಔಷಧವನ್ನು ಕಾಯುವವರಿದ್ದಾರೆ.

ಇಷ್ಟಾದರೂ ಹೊರಗಿನಿಂದ ಏನೂ ಕಾಣುವುದಿಲ್ಲ. ಕೈಗೆ ಪಟ್ಟಿಯಿಲ್ಲ, ಊರುಗೋಲಿಲ್ಲ. ಹುಡುಗ ಇತರರಂತೆಯೇ ಓಡಾಡುತ್ತಾನೆ, ನಗುತ್ತಾನೆ. ಕಣ್ಣಿಗೆ ಕಾಣುವ ನೋವಿಗೆ ಮಾತ್ರ ಕರಗುವ ಅಭ್ಯಾಸ ನಮ್ಮದು. ಕಾಣದ ನೋವನ್ನು ನಾವು ಒಂದೋ ನಂಬುವುದಿಲ್ಲ, ಇಲ್ಲವೇ ನೆಪವೆನ್ನುತ್ತೇವೆ. ವಿಶೇಷವಾಗಿ ರಮಝಾನ್‌ನಲ್ಲಿ.

ಅಷ್ಟಕ್ಕೂ, ಉಪವಾಸವನ್ನು ಕಡ್ಡಾಯಗೊಳಿಸಿದ ಪವಿತ್ರ ಕುರ್‌ಆನ್ ರೋಗಿಯ ಬಗ್ಗೆ ಮೌನವಾಗಿದೆಯೇ? ಇಲ್ಲ. ಅಲ್ ಬಕರ ಅಧ್ಯಾಯದ 184 ಮತ್ತು 185ನೆಯ ಸೂಕ್ತಗಳನ್ನು ಓದಿ ನೋಡಿ. ಉಪವಾಸದ ಆದೇಶವಿರುವ ಜಾಗದಲ್ಲಿಯೇ ರೋಗಿಗೂ ಪ್ರಯಾಣಿಕನಿಗೂ ವಿನಾಯಿತಿ ಇದೆ. ಬೇರೆ ದಿನಗಳಲ್ಲಿ ಪೂರ್ತಿಗೊಳಿಸುವ ಅವಕಾಶವಿದೆ, ಸಾಧ್ಯವಾಗದವರಿಗೆ ಬಡವರಿಗೆ ಉಣಿಸುವ ಫಿದ್ಯಾ ಇದೆ. ಅಲ್ಲಾಹನು ನಮಗೆ ಬಯಸುವುದು ಸರಳತೆಯನ್ನೇ ಹೊರತು ಕಷ್ಟವನ್ನಲ್ಲ ಎಂಬ ಘೋಷಣೆಯೂ ಅಲ್ಲಿಯೇ ಇದೆ. ವಿನಾಯಿತಿ ಎಂಬುದು ಆದೇಶದಿಂದ ತಪ್ಪಿಸಿಕೊಳ್ಳುವ ಕಳ್ಳದಾರಿಯಲ್ಲ. ಅದು ಆದೇಶದ್ದೇ ಒಂದು ಭಾಗ. ಆದೇಶ ನೀಡಿದವನೇ ವಿನಾಯಿತಿಯನ್ನೂ ನೀಡಿರುವಾಗ ಅದನ್ನು ರದ್ದುಪಡಿಸಲು ನಾವು ಯಾರು?

ಪ್ರವಾದಿ(ಸ)ಯವರ ಸಂಗಾತಿಗಳ ವರ್ತನೆಯನ್ನು ನೋಡಿ. ಅವರೊಂದಿಗೆ ಪ್ರಯಾಣಿಸಿದವರಲ್ಲಿ ಕೆಲವರು ಉಪವಾಸಿಗರಿದ್ದರು, ಕೆಲವರು ಇರಲಿಲ್ಲ. ಉಪವಾಸಿಗರು ಉಳಿದವರನ್ನು ಆಕ್ಷೇಪಿಸಲಿಲ್ಲ, ಉಳಿದವರು ಉಪವಾಸಿಗರನ್ನು ಆಕ್ಷೇಪಿಸಲಿಲ್ಲ ಎಂದು ಅನಸ್(ರ) ವರದಿ ಮಾಡಿದ್ದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಮಕ್ಕಾ ವಿಜಯದ ವರ್ಷ ಪ್ರಯಾಣದ ನಡುವೆ ಜನರಿಗೆ ಉಪವಾಸ ಕಷ್ಟವಾದಾಗ ಪ್ರವಾದಿ(ಸ)ಯವರು ಎಲ್ಲರಿಗೂ ಕಾಣುವಂತೆ ಪಾತ್ರೆಯನ್ನೆತ್ತಿ ಕುಡಿದರು. ಆದರೂ ಹಟ ಹಿಡಿದು ಉಪವಾಸ ಮುಂದುವರಿಸಿದವರ ಬಗ್ಗೆ ಅವರು ಅಸಮಾಧಾನ ವ್ಯಕ್ತಪಡಿಸಿದರು. ಗಮನಿಸಿ: ಎಲ್ಲರಿಗೂ ಕಾಣುವಂತೆ! ವಿನಾಯಿತಿ ಪಡೆದವನು ಅಡಗಿ ಕುಡಿಯಬೇಕಾಗಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಇನ್ನೊಂದು ಘಟನೆ ಅಬೂದಾವೂದ್‌ನಲ್ಲಿದೆ. ತಲೆಗೆ ಗಾಯವಾಗಿದ್ದವನಿಗೆ ಸ್ನಾನ ಕಡ್ಡಾಯವಾದಾಗ ಸಂಗಡಿಗರು ಆತನಿಗೆ ವಿನಾಯಿತಿ ಇಲ್ಲವೆಂದರು. ಆತ ಸ್ನಾನ ಮಾಡಿ ಮೃತಪಟ್ಟ. ಸುದ್ದಿ ತಿಳಿದ ಪ್ರವಾದಿ(ಸ)ಯವರು ಅವರ ಧರ್ಮನಿಷ್ಠೆಯನ್ನು ಹೊಗಳಲಿಲ್ಲ. ಆತನನ್ನು ಕೊಂದವರು ಅವರೇ ಎಂದು ಖಂಡಿಸಿದರು. ಅರಿಯದಿದ್ದರೆ ಕೇಳಿ ತಿಳಿದುಕೊಳ್ಳಬೇಕಿತ್ತೆಂದರು. ಜ್ಞಾನವಿಲ್ಲದ ಫತ್ವಾ ಜೀವ ತೆಗೆಯುತ್ತದೆ ಎಂಬುದನ್ನು ಮದ್ರಸಾದಲ್ಲಿ ಓದುವಾಗ ನಾವು ಕಂಠಪಾಠ ಮಾಡಿದ್ದೆವು. ಆದರೆ ಶಾಹ ಬಜಾರಿನ ಮೆಟ್ಟಿಲ ಮುಂದೆ ನಿಂತಾಗ ಅದು ನನ್ನ ನೆನಪಿಗೆ ಬರಲಿಲ್ಲ.

ಆಧುನಿಕ ವೈದ್ಯಶಾಸ್ತ್ರವೂ ಇಲ್ಲಿ ಧರ್ಮದ ಜೊತೆಗೇ ನಿಲ್ಲುತ್ತದೆ. ರಮಝಾನ್ ಮತ್ತು ಮಧುಮೇಹದ ಕುರಿತು ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ ಸಹಭಾಗಿತ್ವದಲ್ಲಿ ರೂಪಿತವಾದ ಮಾರ್ಗಸೂಚಿಗಳು ಟೈಪ್ ಒನ್ ರೋಗಿಗಳನ್ನು ಸಾಮಾನ್ಯವಾಗಿ ಹೆಚ್ಚು ಅಪಾಯದ ಗುಂಪಿಗೆ ಸೇರಿಸಿವೆ. ವೈದ್ಯರ ನಿಗಾದಲ್ಲಿ, ಸಕ್ಕರೆ ಹತೋಟಿಯಲ್ಲಿರುವ ಕೆಲವು ವಯಸ್ಕರು ಉಪವಾಸ ಆಚರಿಸುವುದುಂಟು. ಆದರೆ ಸಕ್ಕರೆ 70ಕ್ಕಿಂತ ಇಳಿದರೆ ಅಥವಾ 300ಕ್ಕಿಂತ ಏರಿದರೆ ಕೂಡಲೇ ಉಪವಾಸ ಮುರಿಯಬೇಕು. ‘ಇಫ್ತಾರಿಗೆ ಇನ್ನು ಅರ್ಧ ಗಂಟೆ ತಾನೇ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುತ್ತದೆಂಬ ಅಂಜಿಕೆಯೂ ಹಲವರಲ್ಲಿದೆ. ಅದು ಸರಿಯಲ್ಲ. ಪೋಷಕಾಂಶವಲ್ಲದ ಚುಚ್ಚುಮದ್ದಿನಿಂದ ಉಪವಾಸ ಅಸಿಂಧುವಾಗುವುದಿಲ್ಲವೆಂದು ಜಿದ್ದಾದಲ್ಲಿ 1997ರಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿ ತೀರ್ಮಾನಿಸಿದೆ. ಬೆರಳಿನಿಂದ ಹರಿದ ರಕ್ತದಿಂದ ವುಝೂ ಮುರಿಯುತ್ತದೆಯೇ ಎಂಬಲ್ಲಿ ಮಾತ್ರ ಹನಫಿ ಮತ್ತು ಶಾಫಿಈ ವಿದ್ವಾಂಸರ ಅಭಿಪ್ರಾಯ ಬೇರೆ ಬೇರೆ. ಅದನ್ನು ತಮ್ಮ ಊರಿನ ವಿದ್ವಾಂಸರಲ್ಲಿ ಕೇಳಬಹುದು. ಆದರೆ ಅದಕ್ಕಾಗಿ ಪರೀಕ್ಷೆಯನ್ನೇ ಬಿಡುವಂತಿಲ್ಲ.

‘ಇನ್ಸುಲಿನ್ ಹಂದಿಯಿಂದ ಬರುತ್ತದೆ’ ಎಂಬ ಪಿಸುಮಾತೂ ಇದೆ. ಹಿಂದೆ ಹಂದಿ ಮತ್ತು ದನಗಳ ಗ್ರಂಥಿಗಳಿಂದ ಇನ್ಸುಲಿನ್ ತೆಗೆಯುತ್ತಿದ್ದುದು ನಿಜ. ಆದರೆ 1982ರಿಂದ ಸೂಕ್ಷ್ಮಜೀವಿಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ ಬಳಕೆಗೆ ಬಂತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೇ 2004ರಲ್ಲಿ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನನ್ನು ಮಾರುಕಟ್ಟೆಗೆ ತಂದಿತು. ಹೀಗಿರುವಾಗ ಹರಾಮಿನ ಹೆಸರೆತ್ತಿ ಮಗುವಿನ ಔಷಧ ನಿಲ್ಲಿಸುವುದು ಅಜ್ಞಾನವಲ್ಲದೆ ಇನ್ನೇನು? ಒಂದು ವೇಳೆ ಹಂದಿಯ ಇನ್ಸುಲಿನ್ ಮಾತ್ರವೇ ಇರುತ್ತಿದ್ದರೂ, ಪ್ರಾಣಾಪಾಯದ ಸಂದರ್ಭದಲ್ಲಿ ನಿಷಿದ್ಧವೂ ಅನುಮತಿಸಲ್ಪಡುತ್ತದೆ ಎಂಬ ನಿಯಮ ಇದ್ದೇ ಇದೆ.

ಔಷಧ ನಿಲ್ಲಿಸುವ ಮಾತು ಬಂದುದರಿಂದ ಇದನ್ನೂ ಹೇಳಬೇಕು. ನಲವತ್ತು ದಿನಗಳಲ್ಲಿ ಬೇರು ಸಹಿತ ಗುಣಪಡಿಸುವುದಾಗಿ ಪುಡಿ ಮಾರುವವರು, ತಾಯತ ಕಟ್ಟಿ ಇನ್ಸುಲಿನ್ ಬಿಡಿಸುವವರು ನಮ್ಮ ನಡುವೆಯೇ ಇದ್ದಾರೆ. ಮಕ್ಕಳಿಗಾಗಿ ದುಆ ಮಾಡೋಣ, ಕುರ್‌ಆನ್ ಓದೋಣ; ಯಾರೂ ಬೇಡವೆನ್ನುವುದಿಲ್ಲ. ಆದರೆ ದುಆ ಇನ್ಸುಲಿನಿಗೆ ಬದಲಿಯಲ್ಲ. ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದ ಪ್ರವಾದಿ(ಸ)ಯವರ ಸಮುದಾಯವಿದು. ಈ ರೋಗದ ಲಕ್ಷಣಗಳನ್ನು ಸಾವಿರ ವರ್ಷಗಳ ಹಿಂದೆಯೇ ತನ್ನ ‘ಅಲ್ ಕಾನೂನ್’ ಗ್ರಂಥದಲ್ಲಿ ವಿವರಿಸಿದ ಇಬ್ನು ಸೀನಾರ ಸಮುದಾಯವಿದು. ಟೈಪ್ ಒನ್ ಇರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಸಾವು ಬಾಗಿಲಿಗೆ ಬರುತ್ತದೆ.

ಇನ್ನು ಹೆಣ್ಣುಮಕ್ಕಳ ವಿಷಯ. ಗಂಡುಮಗನಿಗೆ ರೋಗವಿದ್ದರೆ ಮನೆಯವರು ಚಿಂತಿಸುತ್ತಾರೆ, ಹೆಣ್ಣುಮಗಳಿಗಿದ್ದರೆ ಅಡಗಿಸುತ್ತಾರೆ. ಮದುವೆಯ ಮನೆಯಲ್ಲಿ ಎಲ್ಲರೂ ದಸ್ತರ್‌ಖಾನ್ ಮುಂದೆ ಕುಳಿತಿರುವಾಗ ಆಕೆ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿ ಚುಚ್ಚಿಕೊಂಡು ಬರುತ್ತಾಳೆ. ಯಾಕೆಂದರೆ ನೋಡಿದವರು ನಾಲ್ಕು ಮನೆಗೆ ಹೇಳುತ್ತಾರೆ, ಹೇಳಿದರೆ ಸಂಬಂಧ ಬರುವುದಿಲ್ಲ. ಹೀಗೆ ಮುಚ್ಚಿಟ್ಟು ನಡೆಸಿದ ನಿಕಾಹ್ ಆ ಬಳಿಕ ಆಕೆಗೇ ಸೆರೆಮನೆಯಾಗುತ್ತದೆ. ಅತ್ತೆಯ ಮನೆಯಲ್ಲಿ ಚುಚ್ಚುಮದ್ದು ಅಡಗಿಸಲು ಹೋಗಿ ಹೊತ್ತು ತಪ್ಪುತ್ತದೆ, ಹೊತ್ತು ತಪ್ಪಿದರೆ ಜೀವಕ್ಕೆ ಅಪಾಯ. ಆದ್ದರಿಂದ ಮುಚ್ಚಿಡಬಾರದು. ಮುಚ್ಚಿಡುವುದು ಧರ್ಮದ ದೃಷ್ಟಿಯಲ್ಲೂ ಪ್ರಾಮಾಣಿಕತೆಯಲ್ಲ. ಆದರೆ ಸತ್ಯ ಹೇಳಿದ ಹುಡುಗಿಗೆ ನಾವು ಕೊಡುತ್ತಿರುವ ಉತ್ತರವೇನು? ‘ಮಕ್ಕಳಿಗೂ ಬರುತ್ತದೆ’ ಎಂದು ಹೇಳಿ ಎದ್ದು ಹೋಗುತ್ತೇವೆ. ವಾಸ್ತವದಲ್ಲಿ ಟೈಪ್ ಒನ್ ಇರುವವರ ಬಹುಪಾಲು ಮಕ್ಕಳಿಗೆ ಈ ರೋಗ ಬರುವುದೇ ಇಲ್ಲ. ಇನ್ನೂ ವಿಚಿತ್ರವೆಂದರೆ, ತಾಯಿಗೆ ಇದ್ದಾಗ ಇರುವ ಸಂಭವಕ್ಕಿಂತ ತಂದೆಗೆ ಇದ್ದಾಗ ಇರುವ ಸಂಭವವೇ ಹೆಚ್ಚು. ಅದೂ ನೂರರಲ್ಲಿ ಸುಮಾರು ಆರು ಮಾತ್ರ. ಆದರೂ ನಿರಾಕರಣೆಗೆ ಒಳಗಾಗುವವಳು ಹುಡುಗಿ. ವರನ ಕಡೆಯವರು ನಿರಾಕರಿಸದಿದ್ದರೆ ರೋಗದ ‘ಪರಿಹಾರ’ವಾಗಿ ವರದಕ್ಷಿಣೆಯ ಮೊತ್ತ ಏರುತ್ತದೆ. ವೈದ್ಯರ ನಿಗಾದಲ್ಲಿ ಆಕೆ ತಾಯಿಯಾಗಬಲ್ಲಳು, ದುಡಿಯಬಲ್ಲಳು, ಸಂಸಾರ ನಡೆಸಬಲ್ಲಳು. ಆಕೆಗೆ ಬೇಕಾದುದು ಕರುಣೆಯಲ್ಲ, ನ್ಯಾಯ.

ಈ ರೋಗವಿದ್ದವರಿಂದ ಏನಾಗುತ್ತದೆ ಎಂದು ಕೇಳುವವರು ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಂರನ್ನು ನೆನಪಿಸಿಕೊಳ್ಳಲಿ. 1997ರಲ್ಲಿ ಅವರಿಗೆ ಟೈಪ್ ಒನ್ ಮಧುಮೇಹವಿರುವುದು ಪತ್ತೆಯಾಯಿತು. ಇನ್ನು ಆಟ ಮುಗಿಯಿತೆಂದು ಅವರು ಮನೆ ಸೇರಲಿಲ್ಲ. ಇನ್ಸುಲಿನ್ ಚುಚ್ಚಿಕೊಂಡೇ ಆಡಿದರು. 2003ರ ವಿಶ್ವಕಪ್‌ನಲ್ಲಿ ಏಕದಿನ ಕ್ರಿಕೆಟ್‌ನಲ್ಲಿ 500 ವಿಕೆಟ್ ಪಡೆದ ಜಗತ್ತಿನ ಮೊದಲ ಬೌಲರ್ ಆದರು. ಅವರ ಎಸೆತಗಳನ್ನು ನೋಡಿ ಚಪ್ಪಾಳೆ ತಟ್ಟಿದವರಿಗೆ ರೋಗ ಕಾಣಲಿಲ್ಲ. ಅಲ್ಲಿ ಕಾಣದಿರುವುದು ಅವರಿಗೆ ಅಡ್ಡಿಯಾಗಲಿಲ್ಲ, ಯಾಕೆಂದರೆ ಅವರು ಅದನ್ನು ಬಹಿರಂಗವಾಗಿ ಹೇಳಿಕೊಳ್ಳಬಲ್ಲವರಾಗಿದ್ದರು. ನಮ್ಮ ಮಕ್ಕಳಿಗೆ ಇಲ್ಲದಿರುವುದು ಆ ಸ್ವಾತಂತ್ರ್ಯ.

ಈ ಮಕ್ಕಳು ಸರಕಾರಕ್ಕಾದರೂ ಕಾಣುತ್ತಾರೆಯೇ? ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ, 20 ವರ್ಷದೊಳಗಿನ ಟೈಪ್ ಒನ್ ರೋಗಿಗಳ ಸಂಖ್ಯೆಯಲ್ಲಿ ಭಾರತ ಜಗತ್ತಿನಲ್ಲೇ ಮುಂದಿದೆ - ಎರಡು ಲಕ್ಷಕ್ಕೂ ಅಧಿಕ. ಆದರೆ ಅಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕಾಗಿ 2010ರಿಂದ ನಡೆಯುತ್ತಿರುವ ರಾಷ್ಟ್ರೀಯ ಕಾರ್ಯಕ್ರಮದ ಮನೆ ಮನೆ ತಪಾಸಣೆ ಆರಂಭವಾಗುವುದೇ ಮೂವತ್ತು ವರ್ಷ ದಾಟಿದವರಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಥಲಸ್ಸೇಮಿಯ, ಹಿಮೋಫಿಲಿಯದಂತಹ ರೋಗಗಳಿವೆ, ಟೈಪ್ ಒನ್ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಈ ರೋಗಕ್ಕೆಂದೇ ಮಾರ್ಗಸೂಚಿ ಹೊರತಂದದ್ದು 2022ರಲ್ಲಿ. ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ನೀರು ಒಯ್ಯಲು ಸಿಬಿಎಸ್‌ಇ 2017ರಲ್ಲಿ ಅನುಮತಿಸಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವು ಶಾಲೆಗಳಲ್ಲಿ ಈ ಮಕ್ಕಳಿಗೆ ಸೌಲಭ್ಯ ಒದಗಿಸುವಂತೆ 2023ರಲ್ಲಿ ರಾಜ್ಯಗಳಿಗೆ ಪತ್ರ ಬರೆಯಿತು. ಪಕ್ಕದ ಕೇರಳವು 2018ರಲ್ಲೇ ‘ಮಿಠಾಯಿ’ ಎಂಬ ಯೋಜನೆಯ ಮೂಲಕ ಈ ಮಕ್ಕಳಿಗೆ ಉಚಿತ ಇನ್ಸುಲಿನ್, ಪರೀಕ್ಷಾ ಸಾಮಗ್ರಿ, ಸಮಾಲೋಚನೆಯ ವ್ಯವಸ್ಥೆ ಮಾಡಿತು. ಕರ್ನಾಟಕದಲ್ಲೂ ಅಂಥದೊಂದು ಸಮಗ್ರ ವ್ಯವಸ್ಥೆ ತಾಲೂಕು ಆಸ್ಪತ್ರೆಯವರೆಗೆ ತಲುಪಬೇಕು. 1957ರಲ್ಲಿ ಆರಂಭವಾದ, ಜನರು ಇಂದಿಗೂ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಸಂಸ್ಥೆಗೆ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಿಂದ ಬಡವರು ಬರುತ್ತಾರೆ. ಔಷಧದ ಜೊತೆಗೆ ರಕ್ತ ಪರೀಕ್ಷೆಯ ಪಟ್ಟಿಗಳೂ ಅವರಿಗೆ ಉಚಿತವಾಗಿ ಸಿಗಬೇಕು. ಯಾಕೆಂದರೆ ಅಳೆಯದೆ ಚುಚ್ಚುವ ಇನ್ಸುಲಿನ್ ಕಣ್ಣು ಕಟ್ಟಿ ರಸ್ತೆ ದಾಟಿದಂತೆ. ಮತ ಕೇಳಲು ನಮ್ಮ ಬಡಾವಣೆಗೆ ಬರುವವರ ಮುಂದೆ ಚರಂಡಿ, ರಸ್ತೆಗಳ ಬೇಡಿಕೆಯ ಜೊತೆ ಇದನ್ನೂ ಇಡೋಣ. ಈ ಬೇಡಿಕೆಗೆ ಜಾತಿ-ಧರ್ಮಗಳ ಗಡಿಯಿಲ್ಲ.

ಆದರೆ ಸರಕಾರ ಎಚ್ಚರಗೊಳ್ಳುವವರೆಗೆ ಕಾಯಬೇಕಾಗಿಲ್ಲದ ಕೆಲಸಗಳೂ ಇವೆ. ನಮ್ಮ ಜಮಾಅತ್‌ಗಳು ರಮಝಾನ್‌ಗೆ ಮುನ್ನ ಒಂದು ಜುಮಾ ಖುತ್ಬಾವನ್ನು ರೋಗಿಗಳ ವಿನಾಯಿತಿಗಾಗಿ ಮೀಸಲಿಡಲಿ. ಖತೀಬರು ವೈದ್ಯರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಜನರ ಸಂದೇಹಗಳಿಗೆ ಉತ್ತರಿಸಲಿ. ಝಕಾತ್‌ನ ಎಂಟು ಬಾಬತ್ತುಗಳಲ್ಲಿ ಬಡವರು ಮತ್ತು ನಿರ್ಗತಿಕರು ಮೊದಲಿಗರು. ತಿಂಗಳ ಇನ್ಸುಲಿನಿಗಾಗಿ ಸಾಲ ಮಾಡುವ ಕುಟುಂಬ ಆ ಪಟ್ಟಿಗೆ ಸೇರದೆ ಇನ್ಯಾರು ಸೇರಬೇಕು? ಬೈತುಲ್ ಮಾಲ್‌ನಿಂದ ಒಂದೊಂದು ಮಸೀದಿ ಒಂದು ಮಗುವಿನ ವರ್ಷದ ಔಷಧದ ಹೊಣೆ ಹೊರಲಿ, ಹೆಸರು ಬಯಲು ಮಾಡದೆ. ಹುಬ್ಬಳ್ಳಿ-ಧಾರವಾಡದಲ್ಲಿ ಅಂಜುಮನ್‌ನಂತಹ ಸಂಸ್ಥೆಗಳ ಶಾಲೆ-ಕಾಲೇಜುಗಳಿವೆ, ಓಣಿ ಓಣಿಗೆ ಮದ್ರಸಾಗಳಿವೆ. ಅಲ್ಲಿನ ಪ್ರತಿ ಶಿಕ್ಷಕರಿಗೂ ಸಕ್ಕರೆ ಕುಸಿದ ಮಗುವನ್ನು ಗುರುತಿಸಲು ಗೊತ್ತಿರಬೇಕು. ಪಾಠದ ನಡುವೆ ತಿನ್ನಲು, ಚುಚ್ಚಿಕೊಳ್ಳಲು, ಶೌಚಾಲಯಕ್ಕೆ ಹೋಗಲು ಆ ಮಗು ಅನುಮತಿಗಾಗಿ ಬೇಡಬೇಕಾಗಿರಬಾರದು.

ಇವೆಲ್ಲಕ್ಕೂ ಹಣ ಮತ್ತು ಸಂಘಟನೆ ಬೇಕು. ಏನೂ ಬೇಡದ ಕೆಲಸವೂ ಒಂದಿದೆ. ಮುಂದಿನ ರಮಝಾನ್‌ನಲ್ಲಿ ಆರೋಗ್ಯವಂತನಂತೆ ಕಾಣುವ ಯಾರಾದರೂ ನೀರು ಕುಡಿಯುವುದು ಕಣ್ಣಿಗೆ ಬಿದ್ದರೆ, ಆ ಪ್ರಶ್ನೆ ಕೇಳದಿರುವುದು. ಉಪವಾಸ ದಾಸ ಮತ್ತು ಅಲ್ಲಾಹನ ನಡುವಿನ ವ್ಯವಹಾರ. ಅದರ ಲೆಕ್ಕ ಕೇಳುವ ಅಧಿಕಾರವನ್ನು ಆತ ಬಜಾರಿನಲ್ಲಿ ಹಾದುಹೋಗುವವರಿಗೆ ಕೊಟ್ಟಿಲ್ಲ. ಕೇಳಲೇಬೇಕೆನಿಸಿದರೆ, ‘ಹುಷಾರಿದ್ದೀಯಾ? ಏನಾದರೂ ಬೇಕೇ?’ ಎಂದು ಕೇಳೋಣ.

ಆ ತರುಣ ಈಗ ರಮಝಾನ್‌ನಲ್ಲಿ ಉಪವಾಸ ಹಿಡಿಯುವುದಿಲ್ಲ. ವೈದ್ಯರು ಮತ್ತು ವಿದ್ವಾಂಸರು ಇಬ್ಬರೂ ಹೇಳಿದಂತೆ ಫಿದ್ಯಾ ನೀಡುತ್ತಾನೆ. ಆದರೆ ಆ ತಿಂಗಳು ಬಜಾರಿಗೆ ಬರುವುದನ್ನೇ ಬಿಟ್ಟಿದ್ದಾನೆಂದು ಅವನ ಅಣ್ಣ ಹೇಳಿದರು. ಅಲ್ಲಾಹನು ವಿನಾಯಿತಿ ಕೊಟ್ಟವನಿಗೆ ನಾವು ಬೀದಿಯನ್ನು ನಿರಾಕರಿಸಿದ್ದೇವೆ. ಅದನ್ನು ಆತನಿಗೆ ಮರಳಿಸುವ ಹೊಣೆಯೂ ನಮ್ಮದೇ.